ಮನೆ ಕೊಂಡು ನೋಡು: ಯಳಂದೂರಿನ ಕಾಗದಗಳ ಕಥೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ ಇದೆ. ‘ಮನೆ ಕೊಂಡು ನೋಡು’ ಅಂತ ಯಾಕಿಲ್ಲ ಅಂತ ಯೋಚಿಸಿದ್ದೀರಾ? ನಾನಂತೂ ಈಚೆಗೆ ಬಹಳ ಯೋಚಿಸಿದೆ. ನಮ್ಮ ಅಜ್ಜಂದಿರ ಕಾಲಕ್ಕೆ ಮನೆ ಅನ್ನೋದು ಕಟ್ಟುವ ವಸ್ತು, ಇಲ್ಲವೇ ಪಾಲಿಗೆ ಬರುವ ವಸ್ತು. ಒಬ್ಬ ಮನೆ ಮಾರಿದ ಅಂದರೆ ಊರು ಬಿಟ್ಟ ಅಂತಲೋ, ಸಾಲದಲ್ಲಿ ಮುಳುಗಿದ ಅಂತಲೋ ಅರ್ಥ. ಕೊಂಡವನೂ ಅದೇ ಬೀದಿಯವನು, ಬಹುಪಾಲು ನೆಂಟನೇ. ಯಾರಿಗೆ ಎಷ್ಟು ಪಾಲು, ನಡುಗೋಡೆ ಯಾರದು, ಹಿತ್ತಿಲ ನೀರು ಯಾವ ಕಡೆ ಹರಿಯಬೇಕು ಅನ್ನುವುದೆಲ್ಲ ಬೀದಿಗೇ ಗೊತ್ತಿತ್ತು. ಗೊತ್ತಿಲ್ಲದವನು ಗೊತ್ತಿಲ್ಲದವನಿಂದ ಮನೆ ಕೊಳ್ಳುವ ಕಾಲ ನಮ್ಮ ಕಡೆಗೆ ಬಂದದ್ದು ಈಚೆಗೆ. ಗಾದೆ ಹುಟ್ಟೋದಕ್ಕೆ ಇನ್ನೂ ಟೈಮ್ ಬೇಕೇನೋ :-)

ಈ ಯೋಚನೆ ಹತ್ತಿಸಿದವರು ನಮ್ಮ ಬಾವ. ಅಂದರೆ ಅಕ್ಕನ ಗಂಡ. ಮೈಸೂರಿನಲ್ಲಿ ನೌಕರಿ ಮುಗಿಸಿ ನಿವೃತ್ತರಾದ ಮೇಲೆ ಯಳಂದೂರಿನಲ್ಲಿ ಒಂದು ಮನೆ ತಗೊಂಡು ಇದ್ದುಬಿಡೋಣ ಅಂತ ಅವರ ಆಸೆ. ಪಿ.ಎಫ್. ಹಣ ಕೈಗೆ ಬಂದಿತ್ತು. ಊರೊಳಗೆ ಒಂದು ನಾಡಹೆಂಚಿನ ಹಳೇ ಮನೆ ನೋಡಿದ್ದರು. ಮಾರುವವರು ಕೊಟ್ಟ ಜೆರಾಕ್ಸ್ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ತಂದು ನನ್ನ ಮುಂದೆ ಇಟ್ಟು, “ಪತ್ರ ಅದ, ಖಾತೆ ಅದ, ಕಂದಾಯನೂ ಕಟ್ಟವ್ರ. ಇನ್ನೇನಪ್ಪ ಬೇಕು?” ಅಂದರು.

ನಾನು ವಕೀಲನಲ್ಲ. ಇತಿಹಾಸದ ಹುಚ್ಚು ಇರುವವನು ಅಷ್ಟೆ. ಕಾನೂನಿನ ಸಲಹೆಗೆ ವಕೀಲರ ಹತ್ತಿರವೇ ಹೋದೆವು. ಆದರೆ ಅವರು ಕೇಳಿದ ಒಂದೊಂದು ಕಾಗದದ ಹಿಂದೆಯೂ ನಮ್ಮ ಊರಿನ ಇತಿಹಾಸದ ಒಂದೊಂದು ತುಂಡು ಇದೆ ಅಂತ ಗೊತ್ತಾಗುತ್ತಾ ಹೋಯಿತು. ಅದನ್ನು ನಿಮಗೂ ಹೇಳೋಣ ಅನ್ನಿಸಿತು. ಮನೆ ಕೊಳ್ಳುವಾಗ ಜನ ಯಾಕೆ ಎಡವುತ್ತಾರೆ ಅನ್ನುವುದಕ್ಕೆ ‘ಎಚ್ಚರಿಕೆಯಿಲ್ಲ’ ಅನ್ನುವ ಉತ್ತರ ಸಾಲದು. ಆ ಕಾಗದ ಯಾವ ಪ್ರಶ್ನೆಗೆ ಉತ್ತರ ಕೊಡಲು ಹುಟ್ಟಿತೋ ಅದು ಮರೆತುಹೋಗಿರುತ್ತದೆ. ನಾವು ಅದನ್ನು ಬೇರೆ ಯಾವುದೋ ಪ್ರಶ್ನೆ ಕೇಳುತ್ತಿರುತ್ತೇವೆ.

ಯಳಂದೂರು ಗೊತ್ತಿಲ್ಲದವರಿಗೆ ಎರಡು ಮಾತು. ಚಾಮರಾಜನಗರ ಜಿಲ್ಲೆಯ ಪುಟ್ಟ ತಾಲ್ಲೂಕು. ಸುವರ್ಣಾವತಿ ಹೊಳೆ, ಬಿಳಿಗಿರಿರಂಗನ ಬೆಟ್ಟ, ಗೌರೀಶ್ವರ ದೇವಸ್ಥಾನದ ಮುಂದೆ ಕಲ್ಲಿನ ಸರಪಳಿ ಇಳಿಬಿಟ್ಟಿರುವ ಬಳೇಮಂಟಪ. ‘ಹದಿಬದೆಯ ಧರ್ಮ’ ಬರೆದ ಸಂಚಿ ಹೊನ್ನಮ್ಮ ನಮ್ಮೂರಿನವಳು ಅನ್ನುವುದು ನಮ್ಮ ಹೆಮ್ಮೆ. ಆದರೆ ಮನೆಯ ಕಾಗದದ ವಿಷಯಕ್ಕೆ ಬಂದರೆ ಮುಖ್ಯವಾದ ವರ್ಷ 1807. ಹೈದರ್, ಟಿಪ್ಪು ಇಬ್ಬರ ಹತ್ತಿರವೂ ಹಣಕಾಸು ನೋಡಿಕೊಂಡು, 1799ರಿಂದ 1811ರವರೆಗೆ ಮೈಸೂರಿನ ದಿವಾನರಾಗಿದ್ದ ಪೂರ್ಣಯ್ಯನವರಿಗೆ ಆ ವರ್ಷ ಯಳಂದೂರನ್ನು ಜಹಗೀರಾಗಿ ಕೊಟ್ಟರು. ಪೂರ್ಣಯ್ಯ 1812ರಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಜಹಗೀರು ವಂಶದಲ್ಲಿ ಮುಂದುವರಿಯಿತು. 1901ರಿಂದ 1906ರವರೆಗೆ ದಿವಾನರಾಗಿದ್ದ ಪಿ.ಎನ್. ಕೃಷ್ಣಮೂರ್ತಿಯವರೂ ಅದೇ ವಂಶದವರು.

ಜಹಗೀರು ಅಂದರೆ ಮಣ್ಣೆಲ್ಲ ಜಹಗೀರ್ದಾರರ ಸ್ವಂತ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮಣ್ಣಿನಿಂದ ಸರ್ಕಾರಕ್ಕೆ ಸಲ್ಲಬೇಕಾದ ಕಂದಾಯ ಅವರಿಗೆ ಸಲ್ಲುತ್ತಿತ್ತು. ಉಳುವವನ ಹಕ್ಕು ಬೇರೆ, ಕಂದಾಯ ಎತ್ತುವವನ ಹಕ್ಕು ಬೇರೆ, ಇಬ್ಬರ ನಡುವೆ ಗೇಣಿಗೆ ಕೊಟ್ಟವನ ಹಕ್ಕು ಮತ್ತೊಂದು. ಒಂದೇ ತುಂಡು ನೆಲದ ಮೇಲೆ ಮೂರು ಪದರ. ಇದರ ಜೊತೆಗೆ ದೇವಸ್ಥಾನಕ್ಕೆ ಬಿಟ್ಟ ದೇವಾದಾಯ, ಬ್ರಾಹ್ಮಣರಿಗೆ ಬಿಟ್ಟ ಬ್ರಹ್ಮದಾಯ, ತೋಟಿ ತಳವಾರ ನೀರಗಂಟಿಗಳಿಗೆ ಚಾಕರಿಗಾಗಿ ಬಿಟ್ಟ ಇನಾಂ ಜಮೀನುಗಳು. ಆಗ ಯಾರಾದರೂ ಜಮೀನು ‘ಮಾರಿದೆ’ ಅಂದರೆ ಈ ಪದರಗಳಲ್ಲಿ ಯಾವುದನ್ನು ಮಾರಿದ ಅಂತ ಕೇಳಬೇಕಿತ್ತು.

ಈ ಪದರಗಳನ್ನೆಲ್ಲ ಕಿತ್ತದ್ದು ಸ್ವಾತಂತ್ರ್ಯ ಬಂದ ಮೇಲೆ. ವೈಯಕ್ತಿಕ ಮತ್ತು ಇತರೆ ಇನಾಂಗಳನ್ನು ರದ್ದು ಮಾಡಿದ ಮೈಸೂರು ಕಾಯ್ದೆ 1954ರದು, ಧಾರ್ಮಿಕ ಮತ್ತು ದತ್ತಿ ಇನಾಂಗಳದ್ದು 1955ರದು, ಗ್ರಾಮ ಚಾಕರಿಗಳನ್ನು ರದ್ದು ಮಾಡಿದ್ದು 1961ರದು. ಕಾಯ್ದೆ ಜಾರಿಗೆ ಬಂದ ದಿನ ಇನಾಂ ಜಮೀನು ಸರ್ಕಾರಕ್ಕೆ ಸೇರಿ, ಆಮೇಲೆ ಅರ್ಜಿ ಹಾಕಿದ ಸಾಗುವಳಿದಾರರಿಗೋ ಇನಾಂದಾರರಿಗೋ ಆದೇಶದ ಮೂಲಕ ವಾಪಸು ಬಂತು. ಇಲ್ಲೇ ಮೊದಲನೇ ಗುಂಡಿ. 1940ರ ಒಂದು ಕ್ರಯಪತ್ರ ಇದೆ, 1975ರ ಇನ್ನೊಂದು ಕ್ರಯಪತ್ರ ಇದೆ, ನಡುವೆ ಇನಾಂ ರದ್ದತಿಯ ಆದೇಶವೇ ಇಲ್ಲ ಅಂದರೆ ಸರಪಳಿಯ ಕೊಂಡಿ ಕಳಚಿದೆ ಅಂತಲೇ ಲೆಕ್ಕ. ಹಳೇ ಪತ್ರ ಎಷ್ಟು ಹಳೇದಾದರೆ ಅಷ್ಟು ಗಟ್ಟಿ ಅನ್ನುವುದು ನಮ್ಮ ಜನರ ನಂಬಿಕೆ. ಗಂಡಭೇರುಂಡದ ಮುದ್ರೆ ನೋಡಿದ ಕೂಡಲೇ ಕೈಮುಗಿಯೋದು ಒಂದೇ ಬಾಕಿ! ಊರೊಳಗಿನ ಹಳೇ ಮನೆಗಳಿಗೆ ಈ ತಾಪತ್ರಯ ಕಡಿಮೆ. ಊರ ಸುತ್ತಲಿನ ಗದ್ದೆ ಹೊಲಗಳು ಈಗ ಸೈಟುಗಳಾಗಿವೆಯಲ್ಲ, ಅಲ್ಲಿ ಜಾಸ್ತಿ.

*

ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಈಗ ಬಸ್ಸಿನಲ್ಲಿ ಹೋದರೆ ಎಲ್ಲಿ ಗಡಿ ದಾಟಿದೆವು ಅಂತ ತಿಳಿಯುವುದಿಲ್ಲ. ಆದರೆ 1956ರ ನವೆಂಬರ್ 1ರವರೆಗೆ ಅದು ಬೇರೆ ರಾಜ್ಯ. ಟಿಪ್ಪು ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ, ಅಂದರೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಆಗ ಕೊಳ್ಳೇಗಾಲದಲ್ಲೇ ಸೇರಿದ್ದ ಹನೂರಿನ ಕಡೆಯೂ ಅಷ್ಟೆ. ಯಳಂದೂರು ಮೈಸೂರು ಸಂಸ್ಥಾನ. ಹೆಣ್ಣು ಕೊಡೋದು ತರೋದು, ಸಂತೆ, ಜಾತ್ರೆ ಎಲ್ಲ ಗಡಿ ದಾಟಿ ನಡೆಯುತ್ತಿತ್ತು. ಕಾನೂನು ಮಾತ್ರ ಗಡಿಯ ಹತ್ತಿರ ನಿಲ್ಲುತ್ತಿತ್ತು.

ಇದರಿಂದ ಏನಾಗತ್ತೆ ಅನ್ನುತ್ತೀರಾ? ಅಳತೆಯನ್ನೇ ನೋಡಿ. ಮೈಸೂರಿನ ಕಡೆ ಎಕರೆಗೆ 40 ಗುಂಟೆ. ಮದರಾಸಿನ ಕಡೆ ಎಕರೆಗೆ 100 ಸೆಂಟು. ಒಂದು ಗುಂಟೆ ಅಂದರೆ ಎರಡೂವರೆ ಸೆಂಟು, 33 ಅಡಿ ಉದ್ದ 33 ಅಡಿ ಅಗಲ, 1089 ಚದರಡಿ. ಈಗ ಒಂದು ಪತ್ರದಲ್ಲಿ ‘1.20’ ಅಂತ ಬರೆದಿದೆ ಅಂದುಕೊಳ್ಳಿ. ಯಳಂದೂರಿನವನು ಅದನ್ನು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ ಒಂದೂವರೆ ಎಕರೆ ಅಂತ ಓದುತ್ತಾನೆ. ಕೊಳ್ಳೇಗಾಲದ ಹಳೇ ಲೆಕ್ಕದಲ್ಲಿ ಅದು ಒಂದು ಎಕರೆ ಇಪ್ಪತ್ತು ಸೆಂಟು. ವ್ಯತ್ಯಾಸ 12 ಗುಂಟೆ, ಹದಿಮೂರು ಸಾವಿರ ಚದರಡಿಗೂ ಮೇಲೆ. ಮೂವತ್ತು ನಲವತ್ತರ ಹತ್ತು ಸೈಟು! ವರ್ಷದ ಲೆಕ್ಕವೂ ಹೀಗೇ. ಮದರಾಸಿನ ಕಂದಾಯದ ಕಾಗದಗಳಲ್ಲಿ ಫಸಲಿ ವರ್ಷ. ಫಸಲಿ 1360 ಅಂದರೆ 1950-51. ಅದಕ್ಕೆ 590 ಕೂಡಬೇಕು ಅಂತ ಗೊತ್ತಿಲ್ಲದವನಿಗೆ ಅದು ವಿಜಯನಗರದ ಕಾಲದ ಕಾಗದದ ಹಾಗೆ ಕಂಡರೆ ಆಶ್ಚರ್ಯವಿಲ್ಲ.

ಊರೊಳಗಿನ ಮನೆಗಳದ್ದು ಇನ್ನೊಂದು ಬಗೆ. ಕಂದಾಯ ಇಲಾಖೆಯ ಸರ್ವೆ ಅಳೆದದ್ದು ಹೊಲಗದ್ದೆಗಳನ್ನು. ಕಂದಾಯ ಬರುವುದು ಅಲ್ಲಿಂದ ತಾನೆ. ಜನ ಮನೆ ಕಟ್ಟಿಕೊಂಡಿದ್ದ ಗ್ರಾಮಠಾಣವನ್ನು ಒಟ್ಟಾಗಿ ಒಂದು ಗೆರೆ ಎಳೆದು ಬಿಟ್ಟರು. ಹಾಗಾಗಿ ಊರ ನಡುವಿನ ಹಳೇ ಮನೆಗೆ ಸರ್ವೆ ನಂಬರೂ ಇಲ್ಲ, ಪಹಣಿಯೂ ಇಲ್ಲ. ಹಳ್ಳಿಗಳ ಮನೆಗಳನ್ನು ಡ್ರೋನ್ ಹಾರಿಸಿ ಅಳೆಯುವ ಸ್ವಾಮಿತ್ವ ಯೋಜನೆ ಶುರುವಾದದ್ದೇ 2020ರಲ್ಲಿ. ಬಾವ ತಂದ ಪತ್ರದಲ್ಲಿ ಉದ್ದ ಅಗಲ ಅಡಿಯಲ್ಲಿ ಇರಲೇ ಇಲ್ಲ. ‘ಮೂರು ಅಂಕಣದ ಮನೆ, ಹಿತ್ತಿಲು ಸಹ’ ಅಂತ ಇತ್ತು. ಅಂಕಣ ಅಂದರೆ ಎರಡು ಕಂಬಗಳ ನಡುವಿನ ಜಾಗ. ಕಟ್ಟಿದವನ ಹತ್ತಿರ ಎಷ್ಟುದ್ದದ ತೊಲೆ ಇತ್ತೋ ಅಷ್ಟು ಅಂಕಣ! ಇಂಥ ಪತ್ರದಲ್ಲಿ ಜೀವ ಇರುವುದು ಚಕ್ಕುಬಂದಿಯಲ್ಲಿ. ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ಓಣಿ... ಅವರೆಲ್ಲ ಹೋಗಿ ಅವರ ಮೊಮ್ಮಕ್ಕಳು ಮಾರಿ ಹೋಗಿ, ಓಣಿಯ ಮೇಲೆ ಯಾರೋ ಬಚ್ಚಲು ಕಟ್ಟಿ, ಈಗ ಆ ನಾಲ್ಕು ಸಾಲು ಯಾವ ಜಾಗದ್ದು ಅಂತ ಹೇಳುವವರನ್ನು ಹುಡುಕಬೇಕು.

ಈಗ ಬಾವನ ಮೂರು ಕಾಗದಗಳಿಗೆ ಬರೋಣ.

ಪತ್ರ ರಿಜಿಸ್ಟರ್ ಆಗಿದೆ, ಅಂದಮೇಲೆ ಸರ್ಕಾರವೇ ಒಪ್ಪಿದ ಹಾಗೆ ಅನ್ನುವುದು ನಮ್ಮಲ್ಲಿ ಎಲ್ಲರೂ ಮಾಡುವ ತಪ್ಪು. ನಮ್ಮ ದೇಶದಲ್ಲಿ ನೋಂದಣಿ ಆಗುವುದು ಪತ್ರ, ಒಡೆತನವಲ್ಲ. 1908ರ ನೋಂದಣಿ ಕಾಯ್ದೆಯ ಪ್ರಕಾರ ಸಬ್ ರಿಜಿಸ್ಟ್ರಾರ್ ಮುಖ್ಯವಾಗಿ ನೋಡುವುದು ಬರೆದುಕೊಟ್ಟವನು ಇವನೇ ಹೌದಾ, ಒಪ್ಪಿ ಬರೆದುಕೊಟ್ಟನಾ, ಛಾಪಾ ಸರಿಯಾಗಿದೆಯಾ ಅಂತ. ಆ ಮನೆ ಅವನದ್ದೇ ಹೌದಾ ಅಂತ ತೀರ್ಮಾನ ಮಾಡುವುದು ಅವರ ಕೆಲಸವಲ್ಲ. ಬೇರೆ ದೇಶಗಳಲ್ಲಿ ಬೇರೆ ದಾರಿ ಹಿಡಿದವರಿದ್ದಾರೆ. ದಕ್ಷಿಣ ಆಸ್ಟ್ರೇಲಿಯಾದಲ್ಲಿ ರಾಬರ್ಟ್ ಟೊರೆನ್ಸ್ ಅನ್ನುವವರು 1858ರಲ್ಲಿ ಒಡೆತನವನ್ನೇ ರಿಜಿಸ್ಟರ್ ಮಾಡುವ ಪದ್ಧತಿ ತಂದರು. ಅಲ್ಲಿ ಸರ್ಕಾರದ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಒಡೆಯರು, ಸರ್ಕಾರವೇ ಜಾಮೀನು. ನಮ್ಮಲ್ಲಿ ಆ ಹೊಣೆ ಕೊಳ್ಳುವವನ ತಲೆಯ ಮೇಲೆ. ಅದಕ್ಕೇ ವಕೀಲರು ಹಿಂದಿನ ಪತ್ರ, ಅದರ ಹಿಂದಿನ ಪತ್ರ ಅಂತ ಮೂಲಪತ್ರದವರೆಗೆ ಅಗೆಯುತ್ತಾರೆ.

ಖಾತೆ? ಅದು ತೆರಿಗೆ ಯಾರಿಂದ ವಸೂಲಿ ಮಾಡಬೇಕು ಅಂತ ಪಟ್ಟಣ ಪಂಚಾಯ್ತಿ ಇಟ್ಟುಕೊಳ್ಳುವ ಪುಸ್ತಕ. ಕಂದಾಯ ರಸೀದಿ ಅಂದರೆ ಆ ತೆರಿಗೆ ಕಟ್ಟಿದ್ದಕ್ಕೆ ಚೀಟಿ. ಎರಡೂ ಒಡೆತನದ ಪತ್ರಗಳಲ್ಲ ಅಂತ ಕೋರ್ಟುಗಳು ಎಷ್ಟು ಸಲ ಹೇಳಿದರೂ ನಮ್ಮ ಜನ ಕೇಳುವುದು ‘ಖಾತೆ ಆಗಿದೆಯಾ’ ಅಂತಲೇ. ಇದಕ್ಕೂ ಕಾರಣ ಇತಿಹಾಸದಲ್ಲಿದೆ ಅಂತ ನನ್ನ ಊಹೆ. ಇನ್ನೂರು ವರ್ಷ ನಮ್ಮೂರಿನವರಿಗೆ ಸರ್ಕಾರ ಅಂದರೆ ಕಂದಾಯ. ಕಂದಾಯ ತೆಗೆದುಕೊಂಡವನು ಒಡೆಯನೆಂದು ಒಪ್ಪಿದ ಅನ್ನುವ ಭಾವನೆ ಅಲ್ಲಿಂದಲೇ ಬಂದಿರಬೇಕು. ಹಾಗಂತ ಖಾತೆ ಬೇಡ ಅಂತಲ್ಲ. 2024ರ ಅಕ್ಟೋಬರಿನಿಂದ ಪಟ್ಟಣಗಳಲ್ಲಿ ಇ-ಖಾತೆ ಇಲ್ಲದೆ ಕ್ರಯಪತ್ರ ನೋಂದಣಿಯೇ ಆಗುವುದಿಲ್ಲ. ಬೇಕು, ಆದರೆ ಸಾಲದು.

ಇ.ಸಿ. ಅಥವಾ ಋಣಭಾರ ಪತ್ರದ್ದೂ ಇದೇ ಕಥೆ. ಕಂಪ್ಯೂಟರಿನಲ್ಲಿ 2004ರ ಏಪ್ರಿಲ್‌ನಿಂದ ಈಚಿನದು ಸುಲಭವಾಗಿ ಸಿಗುತ್ತದೆ. ಬಾವ ತಂದದ್ದೂ ಅಷ್ಟೇ. ಏನೂ ಋಣಭಾರ ಇಲ್ಲ ಅಂತ ಅದರಲ್ಲಿತ್ತು. ಹಿಂದಿನದು ಬೇಕೆಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಹಳೇ ಪುಸ್ತಕಗಳಲ್ಲಿ ಹುಡುಕಿಸಬೇಕು. ಅಲ್ಲದೆ ನೋಂದಣಿ ಆದದ್ದು ಮಾತ್ರ ಅದರಲ್ಲಿ ಬರುತ್ತದೆ. ಬಾಯಿಮಾತಿನ ಪಾಲು, ಪಂಚಾಯ್ತಿ ಪಾರಿಕತ್ತು, ವಿಲ್, ಕೋರ್ಟಿನಲ್ಲಿರುವ ದಾವೆ, ಮನೆಯಲ್ಲಿ ಬಾಡಿಗೆಗೋ ಭೋಗ್ಯಕ್ಕೋ ಇರುವವನ ಹಕ್ಕು, ಇವು ಯಾವುವೂ ಅಲ್ಲಿ ಕಾಣದೇ ಹೋಗಬಹುದು.

ಭೋಗ್ಯ ಅಂದೆನಲ್ಲ, ನಮ್ಮ ಕಡೆಯ ಹಳೇ ಮನೆಗಳ ದೊಡ್ಡ ಒಗಟು ಅದು. ಸಾಲಕ್ಕೆ ಬಡ್ಡಿಯ ಬದಲು ಮನೆಯನ್ನೇ ಬಿಟ್ಟುಕೊಡುವುದು. ಸಾಲ ತೀರಿದ ದಿನ ಮನೆ ವಾಪಸು. ಸಾಲ ಕೊಟ್ಟವನು ಬಂದು ಕೂರುತ್ತಾನೆ, ಅವನ ಮಕ್ಕಳು ಅಲ್ಲೇ ಹುಟ್ಟುತ್ತಾರೆ, ಖಾತೆಯೂ ಯಾವಾಗಲೋ ಅವರ ಹೆಸರಿಗೆ ತಿರುಗುತ್ತದೆ. ಐವತ್ತು ವರ್ಷದ ಮೇಲೆ ಆ ಮಕ್ಕಳು ಮಾರುವಾಗ ತಾವೇ ಒಡೆಯರು ಅಂತ ನಿಜವಾಗಿಯೂ ನಂಬಿರುತ್ತಾರೆ, ಮೋಸ ಮಾಡುವ ಉದ್ದೇಶ ಏನೂ ಇರುವುದಿಲ್ಲ. ಆದರೆ ಇಂಥ ಭೋಗ್ಯದಲ್ಲಿ ಬರೀ ಮೂವತ್ತು ವರ್ಷ ಕಳೆಯಿತು ಅನ್ನುವ ಕಾರಣಕ್ಕೆ ಮೂಲ ಒಡೆಯನ ಹಕ್ಕು ಹೋಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಸಿಂಗ್ ರಾಮ್ ಪ್ರಕರಣದಲ್ಲಿ ಹೇಳಿದೆ. ಮನೆಯಲ್ಲಿ ಯಾರಿದ್ದಾರೆ ಅನ್ನುವುದರ ಜೊತೆಗೆ, ಅವರು ಹೇಗೆ ಬಂದರು ಅಂತಲೂ ಕೇಳಬೇಕು. ಹಾಗೇ ‘ಅವಧಿ ಕ್ರಯ’ ಅನ್ನುವ ಪತ್ರ ಸಿಕ್ಕರೆ ಹುಷಾರು. ಹೆಸರಿನಲ್ಲಿ ಕ್ರಯ ಇದ್ದರೂ ಒಳಗೆ ಅಡಮಾನ ಇರಬಹುದು. ನಾವು ನೋಡಿದ ಮನೆಗೆ ಪುಣ್ಯಕ್ಕೆ ಇವೆರಡೂ ಇರಲಿಲ್ಲ.

*

ಇದ್ದದ್ದು ಬೇರೆ.

ಮನೆ ಮಾರಲು ಹೊರಟವರು ಇಬ್ಬರು ಅಣ್ಣತಮ್ಮಂದಿರು. ಅವರ ತಂದೆಗೆ 1962ರಲ್ಲಿ ರಿಜಿಸ್ಟರ್ ಆದ ವಿಭಾಗಪತ್ರದಲ್ಲಿ ಆ ಮನೆ ಪಾಲಿಗೆ ಬಂದಿತ್ತು. ತಂದೆ ತೀರಿಕೊಂಡ ಮೇಲೆ ಹಿರಿಯ ಮಗನ ಹೆಸರಿಗೆ ಖಾತೆ. ವಿಲ್ ಇಲ್ಲ. ವಂಶವೃಕ್ಷ ತರಿಸಿ ನೋಡಿದರೆ ಇವರಿಬ್ಬರ ಮೇಲೆ ಒಬ್ಬ ಅಕ್ಕ. ಕೊಳ್ಳೇಗಾಲಕ್ಕೆ ಕೊಟ್ಟದ್ದು. ಕೇಳಿದಾಗ ಅವರು ಹೇಳಿದ್ದು, “ಅಕ್ಕನಿಗೆ ಮದುವೆಲೇ ಕೊಟ್ಟಾಗದ. ಅವಳೇನು ಕೇಳಲ್ಲ ಬುಡಿ.”

ಈ ‘ಕೇಳಲ್ಲ ಬುಡಿ’ ಅನ್ನುವುದಕ್ಕೂ ಚರಿತ್ರೆ ಇದೆ. ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯ್ದೆ ಬಂದಿತ್ತು. ಪಾಲಾಗುವಾಗ ತಾಯಿ, ವಿಧವೆ, ಮದುವೆಯಾಗದ ಮಗಳು ಇವರಿಗೂ ಒಂದು ಭಾಗ ಸಿಗುವಂತೆ ಮಾಡಿದ ಕಾಯ್ದೆ ಅದು. ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಬಂದ ಕಾಯ್ದೆ ವಿಧವೆಗೆ ಮಾತ್ರ, ಅದೂ ಅವಳ ಜೀವಮಾನದವರೆಗೆ, ಹಕ್ಕು ಕೊಟ್ಟಿತು. ಅಂದರೆ 1940ರಲ್ಲಿ ಯಳಂದೂರಿನ ಹೆಣ್ಣುಮಗಳಿಗೂ ಕೊಳ್ಳೇಗಾಲದ ಹೆಣ್ಣುಮಗಳಿಗೂ ಕಾನೂನೇ ಬೇರೆ, ಊಟದ ಎಲೆ ಒಂದೇ ಆದರೂ! 1956ರ ಉತ್ತರಾಧಿಕಾರ ಕಾಯ್ದೆ ಇಬ್ಬರನ್ನೂ ಒಂದು ಮಾಡಿತು. ಕರ್ನಾಟಕದ ತಿದ್ದುಪಡಿ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಮದುವೆ ಆಗಿರಲಿ ಬಿಡಲಿ ಎಲ್ಲರಿಗೂ ಕೊಟ್ಟದ್ದು ಕೇಂದ್ರದ ತಿದ್ದುಪಡಿ. ಆ ದಿನ ತಂದೆ ಬದುಕಿರಲೇಬೇಕು ಅಂತೇನೂ ಇಲ್ಲ ಅಂತ 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರೀತಿಪ್ರಕಾರ ಪಾಲೋ ಮಾರಾಟವೋ ಆಗಿಹೋಗಿದ್ದರೆ ಅದನ್ನು ಕೆದಕುವಂತಿಲ್ಲ. ಇಲ್ಲಿ ಮಕ್ಕಳ ನಡುವೆ ಪಾಲೇ ಆಗಿರಲಿಲ್ಲ. ಮದುವೆಯಲ್ಲಿ ಕೊಟ್ಟ ಒಡವೆ ಪಾತ್ರೆ ಪಾಲಿನ ಲೆಕ್ಕಕ್ಕೆ ಬರುವುದಿಲ್ಲ.

ಬಾವ, ನಾನು ಇಬ್ಬರೂ ಕೊಳ್ಳೇಗಾಲಕ್ಕೆ ಹೋದೆವು. ಎಪ್ಪತ್ತು ದಾಟಿದ ಹೆಂಗಸು. ನಾವು ಬಂದ ವಿಷಯ ಹೇಳಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಮನೆ ಮಾರ್ತಾವ್ರ ಅಂತ ಈಗ ನಿಮ್ಮಿಂದ ಗೊತ್ತಾಯ್ತು ಕನಪ್ಪ. ನನ್ನ ಯಾರೂ ಕೇಳ್ನಿಲ್ಲ” ಅಂದರು. ಜಗಳದ ದನಿಯಲ್ಲ. ನಮಗೆ ಕಾಫಿ ಕೊಟ್ಟು, ಆ ಮನೆಯ ಹಿತ್ತಿಲಲ್ಲಿದ್ದ ಸೀಬೆಮರ ಇದೆಯಾ ಅಂತ ಕೇಳಿದರು. ಬಾವನಿಗೆ ಉತ್ತರ ಗೊತ್ತಿರಲಿಲ್ಲ.

ವಾಪಸು ಬರುವಾಗ ನನಗೆ ನೆನಪಾದದ್ದು ವಿಜ್ಞಾನೇಶ್ವರ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ 1076ರಿಂದ 1126ರ ಆಸುಪಾಸಿನಲ್ಲಿ, ನಮ್ಮ ಬಸವಕಲ್ಯಾಣದಲ್ಲಿ ಕೂತು ‘ಮಿತಾಕ್ಷರ’ ಬರೆದವನು. ಭಾರತದ ಬಹುಭಾಗದ ಹಿಂದೂ ಪಾಲು ಪದ್ಧತಿ ನಿಂತದ್ದೇ ಅವನ ವ್ಯಾಖ್ಯಾನದ ಮೇಲೆ. ಭೂಮಿ ಕೈ ಬದಲಾಗಲು ಆರು ಬೇಕು ಅನ್ನುವ ಹಳೇ ಸ್ಮೃತಿಮಾತನ್ನು ಅವನು ಎತ್ತಿಕೊಳ್ಳುತ್ತಾನೆ. ಊರಿನವರು, ನೆಂಟರು, ನೆರೆಯವರು, ದಾಯಾದಿಗಳು ಈ ನಾಲ್ವರ ಒಪ್ಪಿಗೆ. ಆಮೇಲೆ ಚಿನ್ನ ಮತ್ತು ನೀರು ಧಾರೆ. ಊರಿನವರು ಒಪ್ಪದಿದ್ದರೆ ಮಾರಾಟವೇ ಆಗದು ಅಂತ ಅವನು ಅನ್ನುವುದಿಲ್ಲ. ನಾಲ್ಕು ಜನಕ್ಕೆ ಗೊತ್ತಾಗಲಿ ಅಂತ ಊರಿನವರು, ಎಲ್ಲೆಯ ಜಗಳ ಬರದಿರಲಿ ಅಂತ ನೆರೆಯವರು, ಮುಂದೆ ಪಾಲಿನ ತಕರಾರು ಏಳದಿರಲಿ ಅಂತ ದಾಯಾದಿಗಳು, ಹೀಗೆ ವ್ಯವಹಾರದ ಅನುಕೂಲಕ್ಕೆ ಅಂತ ಬಿಡಿಸಿ ಹೇಳುತ್ತಾನೆ. ಒಂಬೈನೂರು ವರ್ಷದ ಹಿಂದಿನ ಈ ಪಟ್ಟಿಯನ್ನು ಇವತ್ತಿನ ವಕೀಲರ ಪಟ್ಟಿಯ ಪಕ್ಕ ಇಟ್ಟು ನೋಡಿ. ದಿನಪತ್ರಿಕೆಯಲ್ಲಿ ‘ಯಾರದಾದರೂ ತಕರಾರಿದ್ದರೆ ಏಳು ದಿನದೊಳಗೆ ತಿಳಿಸಿ’ ಅಂತ ಹಾಕಿಸುವ ಪ್ರಕಟಣೆ ಊರಿನವರ ಜಾಗದಲ್ಲಿದೆ. ವಂಶವೃಕ್ಷ, ಎಲ್ಲ ವಾರಸುದಾರರ ಸಹಿ ದಾಯಾದಿಗಳ ಜಾಗದಲ್ಲಿ. ನೆರೆಯವನ ಜಾಗ ಮಾತ್ರ ಖಾಲಿ. ಅವನನ್ನು ಈಗ ಯಾರೂ ಕರೆಯುವುದಿಲ್ಲ. (ನನ್ನ ಪ್ರಕಾರ ಇದು ನಾವು ಕಳೆದುಕೊಂಡ ದೊಡ್ಡ ವಸ್ತು. ಅಳತೆಗೆ ಲೈಸೆನ್ಸ್ ಇರುವ ಸರ್ವೆಯರ್ ಸಿಗುತ್ತಾನೆ, ಗೋಡೆಯ ಕಥೆಗೆ ಸಿಗುವುದಿಲ್ಲ.)

ಹಾಗಾಗಿ ನಾವು ನೆರೆಯವರನ್ನೂ ಕೇಳಿದೆವು. ಪಶ್ಚಿಮದ ಮನೆಯ ಅಜ್ಜ ಜಗಲಿಯ ಮೇಲೆ ಕೂತೇ ಹೇಳಿದರು, “ಆ ಗೋಡೆ ನಮ್ದು ಕನಪ್ಪ. ಅವರ ತೊಲೆ ಮಡಗೋಕೆ ನಮ್ಮಪ್ಪ ಬುಟ್ಟಿದ್ದ.” ಯಾವ ಕಾಗದದಲ್ಲೂ ಇದಿಲ್ಲ. ಬಾವ ಹಳೇ ಸೂರು ಇಳಿಸಿ ಆರ್‌ಸಿಸಿ ಹಾಕಿಸಬೇಕು ಅಂತಿದ್ದರು. ಆ ಗೋಡೆಯ ಮೇಲೆ ಕೈ ಇಟ್ಟಿದ್ದರೆ ಗೃಹಪ್ರವೇಶಕ್ಕೆ ಮೊದಲು ಕೋರ್ಟು ಪ್ರವೇಶ ಆಗುತ್ತಿತ್ತು. ಅದೇ ಅಜ್ಜ 2022ರ ಮಳೆಯಲ್ಲಿ ಹೊಳೆಯ ನೀರು ಎಲ್ಲೆಲ್ಲಿಗೆ ಬಂದಿತ್ತು ಅಂತಲೂ ತೋರಿಸಿದರು. ಸುವರ್ಣಾವತಿಯೂ ಒಂದು ನೆರೆಯೇ ತಾನೆ.

*

ಈ ಓಡಾಟದ ನಡುವೆ ಬಾವನ ಮನಸ್ಸು ಒಂದು ಸಲ ಹೊಯ್ದಾಡಿತು. ಇಷ್ಟೆಲ್ಲ ತಲೆನೋವು ಯಾಕೆ, ಊರ ಹೊರಗೆ ಹೊಸ ಸೈಟು ತಗೊಂಡು ಕಟ್ಟಿಸೋಣ ಅಂತ. ಒಬ್ಬ ಬ್ರೋಕರ್ ತೋರಿಸಿಯೂ ಇದ್ದ. ಬೆಲೆ ಕಡಿಮೆ. ಕರಾರುಪತ್ರ ಮತ್ತು ಜಿ.ಪಿ.ಎ. ಈಗ, ಕ್ರಯ ‘ಆಮೇಲೆ’. ಆ ಆಮೇಲೆ ಅನ್ನುವ ಪದದಲ್ಲೇ ಎಲ್ಲ ಇದೆ. 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿಬಿಟ್ಟಿದೆ: ಜಿ.ಪಿ.ಎ., ಕರಾರು, ವಿಲ್ ಇವುಗಳಿಂದ ಒಡೆತನ ದಾಟುವುದಿಲ್ಲ, ರಿಜಿಸ್ಟರ್ ಆದ ಕ್ರಯಪತ್ರವೇ ಬೇಕು.

ಆ ಜಮೀನಿನ ಹಿಂದಿನ ಪಹಣಿಗಳನ್ನು ತೆಗೆಸಿದಾಗ ಮೂಲ ಹಿಡುವಳಿದಾರರು ಪರಿಶಿಷ್ಟ ಜಾತಿಯವರು, ಸರ್ಕಾರದಿಂದ ಮಂಜೂರಾದ ಜಮೀನು ಅಂತ ಗೊತ್ತಾಯಿತು. 1979ರ ಜನವರಿ 1ರಿಂದ ಜಾರಿಯಲ್ಲಿರುವ, ಎಲ್ಲರೂ ಪಿಟಿಸಿಎಲ್ ಅನ್ನುವ 1978ರ ಕಾಯ್ದೆಯ ಪ್ರಕಾರ ಇಂಥ ಜಮೀನನ್ನು ಸರ್ಕಾರದ ಮುಂಚಿತ ಅನುಮತಿ ಇಲ್ಲದೆ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಮಾರಿದ್ದರ ವಿರುದ್ಧ ತಡವಾಗಿ ಬಂದ ಅರ್ಜಿಗಳನ್ನು ಸುಪ್ರೀಂ ಕೋರ್ಟ್ 2017ರ ಒಂದು ತೀರ್ಪಿನ ನಂತರ ಒಪ್ಪುತ್ತಿರಲಿಲ್ಲ. 2023ರ ತಿದ್ದುಪಡಿಯಲ್ಲಿ ಕಾಲಮಿತಿ ಇಲ್ಲ ಅಂತ ಸೇರಿಸಿದರು. ಕೊಳ್ಳುವವರು ಈ ಕಾಯ್ದೆಯನ್ನು ‘ತೊಂದರೆ’ ಅಂತ ಬೈಯುವುದನ್ನು ಬಹಳ ಕೇಳಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಚಾಕರಿಗೆ ಅಂತ ಬಿಟ್ಟ ತುಂಡು ನೆಲ, ಆಮೇಲೆ ದರಖಾಸ್ತಿನಲ್ಲಿ ಬಂದ ತುಂಡು ನೆಲ, ಇವನ್ನು ಮದುವೆ ಸಾಲಕ್ಕೋ ಆಸ್ಪತ್ರೆ ಖರ್ಚಿಗೋ ಪುಡಿಗಾಸಿಗೆ ಬರೆಸಿಕೊಂಡ ಕಥೆ ನಮ್ಮ ತಾಲ್ಲೂಕಿನಲ್ಲಿ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ. ಆ ಸೈಟಿನ ಬೆಲೆ ಯಾಕೆ ಕಡಿಮೆ ಅಂದರೆ ಅದರಲ್ಲಿ ಬೇರೆಯವರ ಹಕ್ಕು ಸೇರಿಕೊಂಡಿದೆ ಅಂತ. ಬಾವನಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಪಹಣಿ ನೋಡಿದ ಮೇಲೆ ಅವರೇ ಕವರು ಮುಚ್ಚಿದರು. ಜಮೀನು ಅನ್ಯಕ್ರಾಂತವೂ ಆಗಿರಲಿಲ್ಲ, ಅದು ಬೇರೆ ಮಾತು.

ಮತ್ತೆ ಹಳೇ ಮನೆಗೇ ಬಂದೆವು. ಅಣ್ಣತಮ್ಮಂದಿರಿಗೆ ಮೊದಲು ಸಿಟ್ಟು ಬಂತು. ಇಲ್ಲದ ತಕರಾರು ನೀವೇ ಹುಟ್ಟುಹಾಕಿದಿರಿ ಅಂದರು. ಬಾವ ಒಂದೇ ಮಾತು ಹಿಡಿದರು. ಮೂರು ಸಹಿ ಇದ್ದರೆ ಮಾತ್ರ ಅಡ್ವಾನ್ಸು, ಮೂರು ಜನಕ್ಕೂ ಬೇರೆ ಬೇರೆ ಚೆಕ್ಕು. ಒಂದೂವರೆ ತಿಂಗಳು ಮಾತಿಲ್ಲ. ಆಮೇಲೆ ತಮ್ಮನೇ ಕೊಳ್ಳೇಗಾಲಕ್ಕೆ ಹೋಗಿ ಅಕ್ಕನನ್ನು ಕರೆದುಕೊಂಡು ಬಂದ. ಅವರು ಆ ಮನೆಯೊಳಗೆ ಕಾಲಿಟ್ಟದ್ದು ಬಹಳ ವರ್ಷದ ಮೇಲೆ ಅಂತ ಕಾಣುತ್ತದೆ. ನೇರ ಹಿತ್ತಿಲಿಗೆ ಹೋದರು. ಸೀಬೆಮರ ಇರಲಿಲ್ಲ.

ಕರಡು ಪತ್ರ ಈಗ ನನ್ನ ಮುಂದಿದೆ. ಬರೆದವರು ಹಳೇ ಕಾಲದ ಪತ್ರಬರಹಗಾರರು. ಶಾಸನಗಳಲ್ಲಿ ಬರುವ ನಿಧಿ, ನಿಕ್ಷೇಪ, ಜಲ, ಪಾಷಾಣ ಎಲ್ಲ ಸೇರಿದ ಅಷ್ಟಭೋಗವನ್ನು ಬಿಡದೆ ಸೇರಿಸಿದ್ದಾರೆ. ಮೂರು ಅಂಕಣದ ಮನೆಯಲ್ಲಿ ನಿಧಿ ಸಿಕ್ಕರೆ ನಿಮಗೆಲ್ಲ ತಿಳಿಸುತ್ತೇನೆ, ಯೋಚನೆ ಮಾಡಬೇಡಿ. ಬರೆದುಕೊಡುವವರ ಸಾಲಿನಲ್ಲಿ ಮೊದಲನೇ ಹೆಸರು ಅಕ್ಕನದು. ಉದ್ದ ಅಗಲ ಅಡಿಯಲ್ಲಿ ಬಂದಿದೆ, ನಕ್ಷೆ ಲಗತ್ತಿಸಿದೆ. ಪಶ್ಚಿಮದ ಚಕ್ಕುಬಂದಿಯಲ್ಲಿ ‘ಇವರ ಸ್ವಂತ ಗೋಡೆ’ ಅಂತ ಬರೆದು, ತೊಲೆ ಇಡುವ ಹಕ್ಕಿನ ಬಗ್ಗೆ ಒಂದು ಸಾಲು ಜಾಗ ಖಾಲಿ ಬಿಟ್ಟಿದ್ದಾರೆ. ಆ ಸಾಲಿಗೆ ಅಜ್ಜ ಒಪ್ಪಬೇಕು. ಕೇಳಿದ್ದಕ್ಕೆ “ಹಬ್ಬ ಕಳೀಲಿ ಬುಡಿ, ಕೂತ್ಕಂಡು ಮಾತಾಡಮ” ಅಂದಿದ್ದಾರೆ.